ಕೋಲ್ಡೆವಿಂಕೆಲ್: ಲಂಡನ್ನಿನಲ್ಲಿ ಒಂದೇ ಮನೆ

ಹೀಥ್ರೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತಿದ್ದ ಹೆಂಗಸು ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, ಯಾರ ಮನೆಗೆ ಬಂದದ್ದು ಎಂದು ಕೇಳಿದಳು. ತಂಗಿಯ ಮನೆಗೆ ಎಂದೆ. ಕರೆದೊಯ್ಯಲು ತಂಗಿ ಬಂದಿದ್ದಾರೆಯೇ ಎಂದಳು. ಇಲ್ಲ, ಅವಳು ತೀರಿಕೊಂಡು ಒಂದು ವರ್ಷವಾಯಿತು ಎಂದೆ. ಆಕೆ ತಲೆಯೆತ್ತಿ ನನ್ನನ್ನೇ ನೋಡಿದಳು. ಮನೆ ಈಗ ಭಾವನದು ಎಂದು ವಿವರಿಸಿ, ಅವರ ಹೆಸರು ಬರೆದುಕೊಂಡಿದ್ದ ಚೀಟಿಯನ್ನು ಗಾಜಿನ ಕೆಳಗೆ ಸರಿಸಿದೆ. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ದೇಶವಿದೇಶದ ವಿಳಾಸ ಓದಿದವನಾದರೂ ಆ ಹೆಸರು ನನ್ನ ಬಾಯಿಗೆ ಸಲೀಸಾಗಿ ಬರುತ್ತಿರಲಿಲ್ಲ. ಆಕೆಯೂ ಎರಡು ಸಲ ತಡವರಿಸಿದಳು. ‘ವಾಲ್ಟರ್ ಕೋಲ್ಡೆವಿಂಕೆಲ್. ಇಂಥ ಹೆಸರನ್ನು ನಾನು ಕೇಳಿಯೇ ಇಲ್ಲ’ ಎಂದು ಹೇಳಿ ಪಾಸ್‌ಪೋರ್ಟ್ ಹಿಂದಿರುಗಿಸಿದಳು.

ಬೆಂಗಳೂರಿನಿಂದ ಹೊರಟ ವಿಮಾನ ಹತ್ತೂವರೆ ಗಂಟೆಗೂ ಮಿಕ್ಕಿ ಹಾರಿತ್ತು. ಹೊರಗೆ ಮಧ್ಯಾಹ್ನ ಎರಡು ಗಂಟೆ. ನವೆಂಬರ್ ತಿಂಗಳು, ಎಂಟು ಡಿಗ್ರಿ ಚಳಿ, ಮಳೆ ಎನ್ನಲಾಗದ ಮಳೆ. ತಡೆಕಂಬಿಯ ಆಚೆ ತಂಗಿ ಸುಮತಿಯ ಮಗಳು ಮಾಲಿನಿ ನಿಂತಿದ್ದಳು. ತಂಗಿ ತೀರಿಕೊಂಡಾಗ ಅವಳು ಕಳಿಸಿದ್ದ ಫೋಟೋದಲ್ಲಿ ನೋಡಿದ್ದು ಬಿಟ್ಟರೆ ನಾನು ಅವಳನ್ನು ನೋಡಿದ್ದು ಅದೇ ಮೊದಲು. ವಯಸ್ಸು ಮೂವತ್ತಾರು, ಮದುವೆಯಾಗಿಲ್ಲ, ಕೌನ್ಸಿಲ್ ಆಫೀಸಿನಲ್ಲಿ ಕೆಲಸ. ನಡಿಗೆ ಮಾತ್ರ ಅಚ್ಚು ಸುಮತಿಯದೇ.

‘ಮಾವ? ಯು ಮಸ್ಟ್ ಬಿ ಟಯರ್ಡ್’ ಎಂದು ಪೆಟ್ಟಿಗೆಗೆ ಕೈ ಹಾಕಿದಳು.

‘ಎಂತ ಸುಸ್ತೂ ಇಲ್ಲೆ ಮಗಾ. ಕೂತ್ಕಂಡೇ ಬಂದದ್ದಲ್ದಾ’ ಎಂದೆ. ಅವಳಿಗೆ ನಮ್ಮ ಕುಂದಾಪುರದ ಮಾತು ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತದೆ. ಕನ್ನಡ ಓದಲು ಬರುವುದಿಲ್ಲ. ಈ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕಾರಿನಲ್ಲಿ ಕಿಂಗ್ಸ್‌ಬರಿಗೆ ಸುಮಾರು ಐವತ್ತು ನಿಮಿಷ. ದಾರಿಯುದ್ದಕ್ಕೂ ಒಂದರ ಹೆಗಲಿಗೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಊರಿನಲ್ಲಿ ಎಲ್ಲರಿಗೂ ಲಂಡನ್ ನೋಡಿ ಬರುತ್ತೇನೆ ಎಂದು ಹೇಳಿ ಹೊರಟಿದ್ದೆ. ಅದು ಪೂರ್ತಿ ನಿಜವಲ್ಲ. ಸುಮತಿಯ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೆ. ಅವಳಿರುವಾಗ ಕ್ಷಮೆ ಕೇಳಲು ಮುಖವಿರಲಿಲ್ಲ. ಅವಳ ಗಂಡನ ಹತ್ತಿರವಾದರೂ ಹೇಳಿ ಬರೋಣ ಎಂದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹೊರಟವನು ನಾನು. ಏನು ತಪ್ಪು ಎಂಬುದು ಮುಂದೆ ಬರುತ್ತದೆ.

ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೇ ಭಾವ ನಿಂತಿದ್ದರು. ಆರಡಿ ಎತ್ತರ, ಬಾಗಿದ ಬೆನ್ನು, ಉಣ್ಣೆಯ ಅಂಗಿ, ಬಿಳಿ ಹುಬ್ಬು. ‘ಬನಿ ಬಾವ, ಕೂಕಣಿ’ ಎಂದು ಒಳಗೆ ಕರೆದು ಕುರ್ಚಿ ತೋರಿಸಿದರು. ಸುಮತಿ ಇಪ್ಪತ್ತಾರರಲ್ಲಿ ಮನೆ ಬಿಟ್ಟು ಹೋದವಳು. ಅವಳ ದನಿಯ ಎಳೆತ ಈ ಬಿಳಿಯ ಮುದುಕನ ಬಾಯಿಯಲ್ಲಿ ಉಳಿದುಕೊಂಡಿತ್ತು. ಅಂಥ ಹತ್ತಿಪ್ಪತ್ತು ಮಾತು ಅವರಿಗೆ ಬರುತ್ತಿತ್ತು. ಉಳಿದದ್ದೆಲ್ಲ ಇಂಗ್ಲಿಷ್.

ವಾಲ್ಟರ್ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯೊಂದರಲ್ಲಿ ಒಲೆ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಸುಮತಿ ಅಲ್ಲೇ ಹತ್ತಿರದ ಗೋದಾಮಿನಲ್ಲಿ ಉಪ್ಪಿನಕಾಯಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಇಬ್ಬರೂ ಒಂದೇ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರಂತೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಮದುವೆ ಆಗುತ್ತಿರಲಿಲ್ಲ ಎಂದು ಭಾವ ತಮಾಷೆ ಮಾಡಿದರು. ದೂರದ ಸಂಬಂಧಿಯೊಬ್ಬರ ಹೋಟೆಲಿನ ಕೆಲಸಕ್ಕೆಂದು ಬಂದ ಹುಡುಗಿ ಜರ್ಮನ್ ಹೆಸರಿನವನನ್ನು ಕಟ್ಟಿಕೊಂಡಳು ಎಂದು ಆಗ ನಮ್ಮಲ್ಲಿ ದೊಡ್ಡ ರಂಪವಾಗಿತ್ತು. ನಾನು ಆ ತಮಾಷೆಗೆ ನಕ್ಕೆ.

ಚಹಾ ಭಾವನೇ ಮಾಡಿದರು. ಶುಂಠಿ ಹಾಕಿ, ಸಕ್ಕರೆ ಮುಂದಾಗಿ, ಉದ್ದ ಲೋಟದಲ್ಲಿ. ಕುಡಿದು ಮುಗಿಸುವುದನ್ನೇ ಕಾಯುತ್ತಿದ್ದವರಂತೆ ಎದ್ದು ಹೋಗಿ ಒಂದು ರಟ್ಟಿನ ಪೆಟ್ಟಿಗೆ ತಂದರು. ಒಳಗಿನಿಂದ ಪ್ಲಾಸ್ಟಿಕ್ ಹಾಳೆಯ ನಡುವೆ ಜೋಪಾನ ಮಾಡಿದ್ದ ನೀಲಿ ಏರೋಗ್ರಾಮ್ ಒಂದನ್ನು ತೆಗೆದು ನನ್ನ ಮಡಿಲಿಗಿಟ್ಟರು.

ಅಕ್ಷರ ನನ್ನದು.

‘ಮಾಲಿನಿ ಹುಟ್ಟಿದಾಗ ನೀವು ಬರೆದದ್ದು’ ಎಂದರು ಭಾವ. ‘ಅವಳ ಮನೆಯಿಂದ ಬಂದ ಒಂದೇ ಒಂದು ಒಳ್ಳೆಯ ಕಾಗದ. ಅಣ್ಣ ಮಗುವನ್ನು ಹರಸಿದ್ದಾನೆ ಎಂದು ಸುಮತಿ ಹೇಳಿದಳು. ಸಾಲು ಸಾಲಾಗಿ ಓದಿ ಹೇಳು ಅಂದರೆ ಮಾತ್ರ, ಆಮೇಲೆ ಆಮೇಲೆ ಎನ್ನುತ್ತಿದ್ದಳು. ಈಗ ನೀವೇ ಬಂದಿದ್ದೀರಿ. ಓದಿ.’

ಮಾಲಿನಿ ಬಂದು ಸೋಫಾದ ಕೈಮೇಲೆ ಕೂತಳು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಓದುಗರಿಗೆ ಒಂದು ಮಾತು ತಿಳಿದಿರಲಿ. ನಾನು ಕೆಲಸಕ್ಕೆ ಸೇರಿದ್ದು ಅಂಚೆಯಣ್ಣನಾಗಿ, ಮೀನುಗಾರರ ಕೇರಿಗಳಲ್ಲಿ. ಓದು ಬಾರದ ಹೆಂಗಸರಿಗೆ ಕಾಗದ ಕೊಡುವುದಷ್ಟೇ ಅಲ್ಲ, ಜಗಲಿಯಲ್ಲಿ ಕೂತು ಓದಿ ಹೇಳುವುದೂ ನಮ್ಮ ಕೆಲಸವೇ ಆಗಿತ್ತು. ಬೊಂಬಾಯಿಯ ಗಂಡ ‘ಈ ಸಲವೂ ಬರುವುದಿಲ್ಲ’ ಎಂದು ಒರಟಾಗಿ ಗೀಚಿದ್ದರೆ ನಾವು ‘ರಜೆ ಸಿಕ್ಕದೆ ಒದ್ದಾಡುತ್ತಿದ್ದೇನೆ’ ಎಂದು ಓದುತ್ತಿದ್ದೆವು. ಕೆಟ್ಟ ಕಾಗದವನ್ನು ಹದಮಾಡಿ ಓದದ ಅಂಚೆಯಣ್ಣನಿಗೆ ಯಾರೂ ನೀರು ಬೆಲ್ಲ ಕೊಡುತ್ತಿರಲಿಲ್ಲ. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣು ಒಂದು ಸಾಲಿನ ಮೇಲಿದ್ದರೆ ಬಾಯಿ ಬೇರೊಂದು ಸಾಲನ್ನು ಹುಟ್ಟಿಸಿಕೊಂಡು ಹೋಗುತ್ತಿತ್ತು.

ಆ ಸಂಜೆಯೂ ಹಾಗೆಯೇ ಆಯಿತು. ‘ಪ್ರೀತಿಯ ತಂಗಿ ಸುಮತಿಗೆ’ ಎಂದು ಶುರು ಮಾಡಿದೆ. ಮಗು ಹುಟ್ಟಿದ ಸುದ್ದಿ ತಿಳಿದು ಅಮ್ಮನಿಗೆ ಬಹಳ ಸಂತೋಷವಾಗಿದೆ ಎಂದೆ. ತೊಟ್ಟಿಲಿಗೆ ಹಾಕುವ ದಿನ ನಾವಿಲ್ಲಿ ದೇವರಿಗೆ ಹಣ್ಣುಕಾಯಿ ಮಾಡಿಸುತ್ತೇವೆ ಎಂದೆ. ನಿನ್ನ ಯಜಮಾನರಿಗೂ ನಮ್ಮ ನಮಸ್ಕಾರ ಎಂದೆ. ಪ್ರತಿಯೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಭಾವ ಕನ್ನಡಕ ತೆಗೆದು ಒರೆಸಿಕೊಂಡು, ‘ಯಜಮಾನರು ಅಂದರೆ ನಾನೇ ಅಲ್ಲವೇ’ ಎಂದು ಕೇಳಿದರು. ಹೌದು ಎಂದೆ. ಆ ಕಾಗದದಲ್ಲಿ ಅದರ ಒಂದು ಅಕ್ಷರವೂ ಇರಲಿಲ್ಲ.

ಮರುದಿನ ಬೆಳಿಗ್ಗೆ, ಸುಮತಿ ಇರುವಲ್ಲಿಗೆ ಹೋಗೋಣವೇ ಎಂದು ಭಾವ ಕೇಳಿದರು. ಅವಳ ಬೂದಿಯ ಒಂದು ಪಾಲನ್ನು ಸ್ಮಶಾನದ ತೋಟದಲ್ಲಿ ಗುಲಾಬಿ ಗಿಡವೊಂದರ ಬುಡಕ್ಕೆ ಹಾಕಿದ್ದಾರೆ. ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಮಳೆಯಿದೆ, ನಾಳೆ ಹೋಗೋಣ ಎಂದೆ. ನಾಳೆ ಬಂದಾಗ ಕಾಲು ನೋಯುತ್ತಿದೆ ಎಂದೆ. ಅಲ್ಲಿ ಹೋಗಿ ನಿಂತರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಬದಲಿಗೆ ಕಿಂಗ್ಸ್‌ಬರಿಯ ಪೇಟೆ ಸುತ್ತಿದೆವು. ಗುಜರಾತಿಗಳ ಮಿಠಾಯಿ ಅಂಗಡಿ, ಚಿನ್ನದಂಗಡಿ, ಫುಟ್‌ಪಾತಿನ ಮೇಲೆ ಬೆಂಡೆ, ತೊಂಡೆ, ಕೆಸುವಿನ ಸೊಪ್ಪು. ನಾನು ಹೋದಲ್ಲೆಲ್ಲ ಭಾವ ನನ್ನನ್ನು ‘ನನ್ನ ಹೆಂಡತಿಯ ಅಣ್ಣ’ ಎಂದು ಪರಿಚಯ ಮಾಡಿಕೊಟ್ಟರು. ಅವರಿಗೆ ಅದೊಂದು ಸಂಭ್ರಮ.

ಸಂಜೆಯ ಹೊತ್ತಿಗೆ ಆ ರಟ್ಟಿನ ಪೆಟ್ಟಿಗೆ ಮತ್ತೆ ಹೊರಗೆ ಬಂತು. ಅದರ ತುಂಬ ಇದ್ದದ್ದು ಅವರ ಮನೆಹೆಸರಿನ ಪುರಾಣ. ನಲವತ್ತು ವರ್ಷ ಬಿಡುವು ಸಿಕ್ಕಾಗಲೆಲ್ಲ ಸೇರಿಸಿದ್ದು. ಜರ್ಮನಿಯ ಪಶ್ಚಿಮಕ್ಕೆ ವೆಸ್ಟ್‌ಫಾಲಿಯಾ ಎಂಬ ಸೀಮೆಯ ಗುಡ್ಡದ ಮಗ್ಗುಲಲ್ಲಿ ಒಂದು ಹೊಲಮನೆಯಿತ್ತಂತೆ. ಚಳಿಗಾಲದಲ್ಲಿ ಮಧ್ಯಾಹ್ನದವರೆಗೂ ಅದಕ್ಕೆ ಬಿಸಿಲು ತಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿಯ ಹಳ್ಳಿಮಾತಿನಲ್ಲಿ ಅದು ಕೋಲ್ಡೆವಿಂಕೆಲ್, ತಣ್ಣನೆಯ ಮೂಲೆ. ನಮ್ಮ ಮನೆಯ ಹೆಸರು ತೆಂಕಮನೆ, ತೆಂಕು ದಿಕ್ಕಿಗಿರುವುದರಿಂದ ಎಂದೆ. ಭಾವ ಮೇಜು ತಟ್ಟಿ, ‘ನೋಡಿದಿರಾ, ನಮ್ಮ ಅಜ್ಜಂದಿರೆಲ್ಲ ಒಂದೇ ತರಹ ಯೋಚಿಸಿದವರು’ ಎಂದರು.

ಮುಂದಿನದ್ದು ಇನ್ನೂ ಸ್ವಾರಸ್ಯವಾಗಿತ್ತು. ಅವರ ವಂಶದಲ್ಲಿ ಈ ಹೆಸರು ಹೊತ್ತ ಮೊದಲ ಗಂಡಸು ಕೋಲ್ಡೆವಿಂಕೆಲ್ ಆಗಿ ಹುಟ್ಟಿದವನೇ ಅಲ್ಲ. ಅವನು ಆ ಹೊಲಮನೆಯ ಮಗಳನ್ನು ಮದುವೆಯಾಗಿ ಅಲ್ಲಿಗೇ ಬಂದು ಉಳಿದವನು. ಆ ಸೀಮೆಯ ಪದ್ಧತಿಯಂತೆ ಮನೆಗೆ ಬಂದ ಗಂಡು ತನ್ನ ಹುಟ್ಟುಹೆಸರು ಬಿಟ್ಟು ಹೆಂಡತಿಯ ಮನೆಯ ಹೆಸರು ಹಿಡಿಯಬೇಕಿತ್ತು. ಚರ್ಚಿನ ಹಳೆಯ ಪುಸ್ತಕದ ಆ ಪುಟದ ನಕಲನ್ನು ಭಾವ ತರಿಸಿಕೊಂಡಿದ್ದರು. ಹೆಣ್ಣಿನಿಂದ ಬಂದ ಹೆಸರು ಎಂದು ಅವರು ಬೆರಳಿಟ್ಟು ತೋರಿಸಿದಾಗ ನನಗೆ ನಮ್ಮ ಅಳಿಯಸಂತಾನವೇ ನೆನಪಾಯಿತು. ನಮ್ಮಲ್ಲಿಯೂ ಮಕ್ಕಳು ತಾಯಿಯ ಮನೆಗೆ ಸೇರಿದವರು, ಸೋದರಮಾವನದ್ದೇ ಯಜಮಾನಿಕೆ. ಅದನ್ನು ಆ ಕ್ಷಣವೇ ಹೇಳಬಹುದಿತ್ತು. ಹೇಳಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ತಿಳಿದಿದ್ದರಿಂದ ಬಾಯಿ ಮುಚ್ಚಿಕೊಂಡೆ.

‘ಈಗ ಎಷ್ಟು ಮಂದಿ ಇದ್ದಾರೆ ಈ ಹೆಸರಿನವರು?’ ಎಂದು ಕೇಳಿದೆ.

ಅವರು ಒಂದು ನೋಟ್‌ಬುಕ್ ತೆರೆದರು. ಮೊದಲು ಟೆಲಿಫೋನ್ ಡೈರೆಕ್ಟರಿ ನೋಡಿ, ಆಮೇಲೆ ಇಂಟರ್ನೆಟ್ ನೋಡಿ ಬರೆದುಕೊಂಡ ಪಟ್ಟಿ. ಜರ್ಮನಿಯಲ್ಲಿ ಬೆರಳಿನಲ್ಲಿ ಎಣಿಸುವಷ್ಟು ಮನೆಗಳು. ಎಲ್ಲರಿಗೂ ಇವರು ಕಾಗದ ಹಾಕಿದ್ದರು. ಉತ್ತರ ಬರೆದವರಲ್ಲಿ ಹೆಚ್ಚಿನವರು ಮುದುಕರು. ಹಲವು ಹೆಸರುಗಳ ಮುಂದೆ ಪುಟ್ಟ ಶಿಲುಬೆಯ ಗುರುತಿತ್ತು. ಇಂಗ್ಲೆಂಡಿನ ಪುಟದಲ್ಲಿ ನಾಲ್ಕು ಹೆಸರು. ಅವರ ತಂದೆ ತಾಯಿಯದ್ದಕ್ಕೆ ಶಿಲುಬೆ. ಸುಮತಿಯ ಹೆಸರಿನ ಮುಂದೆ ಶಿಲುಬೆಯ ಬದಲು ಒಂದು ಚುಕ್ಕೆ. ಹಿಂದೂಗಳಿಗೆ ಏನು ಹಾಕಬೇಕೆಂದು ತಿಳಿಯಲಿಲ್ಲ ಎಂದರು. ಉಳಿದದ್ದು ವಾಲ್ಟರ್ ಒಬ್ಬರೇ. ಮಾಲಿನಿಯ ಹೆಸರು ಆ ಪುಟದಲ್ಲಿ ಇರಲಿಲ್ಲ. ಅವಳು ಸರಕಾರಿ ಕಾಗದದಲ್ಲಿ ಮಾಲಿನಿ ತೆಂಕಮನೆ.

ನಾಲ್ಕನೆಯ ದಿನ ಭಾವ ನನ್ನನ್ನು ಕ್ಯೂ ಎಂಬಲ್ಲಿಗೆ ಕರೆದುಕೊಂಡು ಹೋದರು. ಕಿಂಗ್ಸ್‌ಬರಿಯಿಂದ ಟ್ಯೂಬಿನಲ್ಲಿ ವೆಸ್ಟ್ ಹ್ಯಾಂಪ್‌ಸ್ಟೆಡ್, ಅಲ್ಲಿಂದ ಬೇರೆ ರೈಲು, ಆಮೇಲೆ ಹತ್ತು ನಿಮಿಷದ ನಡಿಗೆ. ದೇಶದ ಹಳೆಯ ಕಡತಗಳನ್ನೆಲ್ಲ ಅಲ್ಲಿ ಇಟ್ಟಿದ್ದಾರೆ. ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಚೀಲವನ್ನು ಗೂಡಿನಲ್ಲಿಟ್ಟು ಬೀಗ ಹಾಕಬೇಕು. ಇಲಾಖೆಯವನಾದ ನನಗೆ ಆ ಶಿಸ್ತು ಬಹಳ ಹಿಡಿಸಿತು.

ಭಾವನ ತಂದೆ ಯುದ್ಧದಲ್ಲಿ ಸೆರೆಸಿಕ್ಕಿ ಇಂಗ್ಲೆಂಡಿಗೆ ಬಂದ ಜರ್ಮನ್ ಸೈನಿಕ. ಬಿಡುಗಡೆಯಾದ ಮೇಲೆ ಇಲ್ಲಿಯೇ ಉಳಿದು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ, ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಆ ಕಡತವನ್ನು ಮೊದಲೇ ಕೇಳಿಟ್ಟಿದ್ದರಿಂದ ಮೇಜಿನ ಮೇಲೆ ತಂದಿಟ್ಟರು. ಒಳಗೊಂದು ಹಳದಿ ಹಾಳೆಯಲ್ಲಿ ಆ ತಂದೆಯ ಕೈಬರಹವಿತ್ತು. ಹೆಸರನ್ನು ಇಲ್ಲಿಯವರ ಹಾಗೆ ಬದಲಿಸಿಕೊಳ್ಳುವ ಯೋಚನೆ ಇದ್ದುದಾಗಿಯೂ ಈಗ ಅದನ್ನು ಬಿಟ್ಟಿರುವುದಾಗಿಯೂ ಇದ್ದ ಹೆಸರೇ ಇರಲೆಂದೂ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದರು. ಭಾವ ಆ ಸಾಲನ್ನು ಮುಟ್ಟದೆ ಅದರ ಮೇಲೆ ಬೆರಳಾಡಿಸಿದರು.

ಅಲ್ಲಿಯ ಕ್ಯಾಂಟೀನಿನಲ್ಲಿ ಸೂಪು, ಬ್ರೆಡ್ಡು ತೆಗೆದುಕೊಂಡೆವು. ಹೊರಗಿನ ಕೊಳದಲ್ಲಿ ಬಾತುಗಳು ಚಳಿಗೆ ಮುದುಡಿ ನಿಂತಿದ್ದವು. ಭಾವ ತಾವಾಗಿಯೇ ಮಾತು ತೆಗೆದರು.

‘ಶಾಲೆಯಲ್ಲಿ ಹುಡುಗರು ನನ್ನ ಹೆಸರು ಹಿಡಿದು ಆಡಿಕೊಳ್ಳುತ್ತಿದ್ದರು. ಜರ್ಮನ್ ಎಂದು ಕಲ್ಲು ಹೊಡೆಯುತ್ತಿದ್ದರು. ಬದಲಿಸಿಬಿಡೋಣ ಎಂದು ಅಪ್ಪನ ಹತ್ತಿರ ಅತ್ತಿದ್ದೆ. ಅವರು, ನಿನ್ನ ಮಗುವಿಗೆ ಕೊಡುವವರೆಗೆ ಇಟ್ಟುಕೋ, ಆಮೇಲೆ ನಿನ್ನ ಇಷ್ಟ ಅಂದರು. ಇಟ್ಟುಕೊಂಡೆ. ಮಗು ಹುಟ್ಟಿತು. ನೋಂದಣಿಯ ದಿನ ನನಗೆ ಬೆಳಗಿನ ಪಾಳಿ, ಸುಮತಿ ಒಬ್ಬಳೇ ಹೋದಳು. ಸಂಜೆ ನೋಡಿದರೆ ಕಾಗದದಲ್ಲಿ ತೆಂಕಮನೆ ಎಂದಿತ್ತು.’

‘ಯಾಕೆಂದು ಕೇಳಲಿಲ್ಲವೇ?’ ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

‘ನನ್ನ ಮನೆಯ ಹೆಸರು, ಚೆನ್ನಾಗಿದೆ ಅಲ್ಲವಾ ಎಂದಳು. ಚೆನ್ನಾಗಿದೆ ಎಂದೆ. ನನ್ನ ಹೆಸರಿಗೆ ಅವಳು ನಾಚಿಕೊಂಡಳು ಎಂದು ನನಗೆ ಆಗಲೇ ತಿಳಿಯಿತು. ತಪ್ಪಲ್ಲ ಬಿಡಿ, ನಾನೂ ನಾಚಿಕೊಂಡವನೇ. ಆದರೆ ಅವಳು ಹಾಗೆ ಅಂದುಕೊಂಡದ್ದು ಒಳಗೆ ಮುಳ್ಳಿನ ಹಾಗೆ ಉಳಿಯಿತು. ಮತ್ತೆ ಕೇಳಲೇ ಇಲ್ಲ. ಕಳೆದ ವರ್ಷ ಗುಲಾಬಿ ಗಿಡದ ಹತ್ತಿರದ ಫಲಕಕ್ಕೆ ಏನು ಬರೆಯಲಿ ಎಂದು ಕೇಳಿದರು. ಮೂರು ದಿನ ಯೋಚಿಸಿ, ಸುಮತಿ ಎಂದಷ್ಟೇ ಬರೆಸಿದೆ. ಸತ್ತ ಮೇಲೂ ಅವಳಿಗೆ ನಾಚಿಕೆ ಯಾಕೆ.’

ಸೂಪು ತಣ್ಣಗಾಗಿತ್ತು. ಸತ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ನನ್ನ ಹೇಡಿತನ ಅದಕ್ಕಿಂತ ದೊಡ್ಡದಾಗಿತ್ತು. ರೈಲಿಗೆ ಹೊತ್ತಾಯಿತು ಎಂದೆ. ಅಲ್ಲಿ ಹತ್ತು ಹದಿನೈದು ನಿಮಿಷಕ್ಕೊಂದು ರೈಲಿದೆ.

ಶನಿವಾರ ಮಾಲಿನಿ ನಮ್ಮಿಬ್ಬರನ್ನೂ ರೇನರ್ಸ್ ಲೇನ್‌ಗೆ ಊಟಕ್ಕೆ ಕರೆದಿದ್ದಳು. ಅವಳ ಫ್ಲಾಟ್ ಇರುವುದು ಅಲ್ಲಿ. ಭಾವನಿಗೆ ಕೆಮ್ಮು ಹೆಚ್ಚಾಗಿ ಮನೆಯಲ್ಲೇ ಉಳಿದರು. ನಾನೊಬ್ಬನೇ ವೆಂಬ್ಲಿ ಪಾರ್ಕಿನಲ್ಲಿ ಗಾಡಿ ಬದಲಿಸಿ, ತಪ್ಪದೆ ಹೋಗಿ ಇಳಿದು, ಸ್ವಲ್ಪ ಹೆಮ್ಮೆಪಟ್ಟುಕೊಂಡೆ. ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ನೀರುದೋಸೆ ಸಿಗುತ್ತದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಶೀನಣ್ಣ ಎಂದು, ನಮ್ಮೂರಿನ ಕಡೆಯವರೇ. ನನ್ನನ್ನು ನೋಡಿದವರೇ ಎದ್ದು ಬಂದರು.

‘ಹ್ವಾಯ್, ನೀವ್ ತೆಂಕಮನಿ ಅಣ್ಣಯ್ಯ ಅಲ್ದಾ? ಮೋರೆ ಕಂಡ್ರೆ ಗೊತ್ತಾತ್ತ್. ಸುಮತಕ್ಕನದ್ದೇ ಮೋರೆ.’

ಹೌದೆಂದೆ.

‘ಅವ್ರ್ ಯಾವತ್ತೂ ನಿಮ್ದೇ ಸುದ್ದಿ ಹೇಳ್ತಿದ್ರ್. ಈ ಸಲ ಅಣ್ಣಯ್ಯ ಬಾ ಅಂದೇಳಿ ಬರಿತ್ರ್, ಅಮ್ಮನ್ ಕಂಡ್ಕ ಬತ್ತೆ ಅಂತಿದ್ರ್. ಮಗು ಸಣ್ಣದಿಪ್ಪತಿಗೆ ಒಂದ್ ಸೂಟ್‌ಕೇಸ್ ಕಟ್ಟಿಯೇ ಇಟ್ಟಿದ್ರ್ ಮಾರಾಯ್ರೆ.’

ಮಾಲಿನಿ ನನ್ನ ಕಡೆ ತಿರುಗಿದಳು. ‘ಐ ರಿಮೆಂಬರ್ ದಟ್ ಸೂಟ್‌ಕೇಸ್. ಬೆಡ್ ಕೆಳಗಿತ್ತು. ಅದರಲ್ಲಿ ಒಂದು ಸೀರೆ, ಅಜ್ಜಿಗೆ ಅಂತ.’

ದೋಸೆಯನ್ನು ಅರ್ಧಕ್ಕೇ ಬಿಟ್ಟೆದ್ದೆ. ವಾಪಸು ಬರುವಾಗ ಮಾಲಿನಿ ಟ್ಯೂಬ್ ಬೇಡವೆಂದು ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟು ಹಿಡಿದು ಕೂರಿಸಿದಳು. ಒಂದೂಮುಕ್ಕಾಲು ಪೌಂಡಿಗೆ ಇಡೀ ಹ್ಯಾರೋ ನೋಡಬಹುದು ಎಂದಳು. ನಾನು ಏನನ್ನೂ ನೋಡಲಿಲ್ಲ.

ಹೊರಡುವ ಹಿಂದಿನ ದಿನ ಭಾನುವಾರ. ನಾಲ್ಕೂವರೆಗೇ ಕತ್ತಲಾಗಿ ಭಾವ ದೀಪ ಹಾಕಿದರು. ಮಾಲಿನಿ ನನ್ನ ಪೆಟ್ಟಿಗೆಯನ್ನು ತೂಕ ಮಾಡಿ ಮುಗಿಸಿದ್ದಳು. ಚಹಾದ ಲೋಟ ಕೈಗೆ ಬಂದಾಗ, ಆ ಕಾಗದ ಇನ್ನೊಮ್ಮೆ ಕೊಡಿ ಎಂದೆ. ಭಾವ ಖುಷಿಯಿಂದಲೇ ತಂದುಕೊಟ್ಟರು.

‘ಮೊದಲ ದಿನ ನಾನು ಓದಿದ್ದು ಸುಳ್ಳು’ ಎಂದೆ. ‘ಇದರಲ್ಲಿರುವುದು ಬೇರೆ.’

ನಾನು ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಒಂದು ಪದವನ್ನೂ ಹದಮಾಡಲಿಲ್ಲ.

‘ಸುಮತಿಗೆ. ಮಗು ಹುಟ್ಟಿದ್ದು ತಿಳಿಯಿತು. ಹೆಣ್ಣುಮಗು ನಮ್ಮ ಮನೆಯದು. ಅದರ ಹೆಸರಿನ ಜೊತೆ ತೆಂಕಮನೆ ಎಂದೇ ಬರೆಸತಕ್ಕದ್ದು. ಆ ಪರದೇಶಿಯ ಹೆಸರು ಕೂಡದು. ಹಾಗೆ ಬರೆಸಿದ ಕಾಗದದ ಪ್ರತಿ ಕಳಿಸಿದರೆ ನೀನು ಊರಿಗೆ ಬಂದು ಅಮ್ಮನ ಮುಖ ನೋಡಬಹುದು. ಇಲ್ಲವಾದರೆ ಈ ಮನೆಗೂ ನಿನಗೂ ಸಂಬಂಧವಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾರೆ.’

ಆಮೇಲೆ ನಮ್ಮ ಪದ್ಧತಿಯನ್ನು ವಿವರಿಸಿದೆ. ಮಗು ತಾಯಿಯ ಮನೆಗೆ ಸೇರುವುದು, ಸೋದರಮಾವನ ಮಾತೇ ಕೊನೆಯದು ಎಂಬುದು. ಇದನ್ನು ಆಗ ನಮ್ಮ ಮನೆಯ ಯಜಮಾನರಾಗಿದ್ದ ಅಮ್ಮನ ಅಣ್ಣ, ದೊಡ್ಡಮಾವನೇ ಬರೆಸಿದ್ದು ಎಂದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡು ಬಂದಿದ್ದೆ. ಅವರು ಪಕ್ಕದಲ್ಲಿ ಕೂತಿದ್ದು ನಿಜ. ಪರದೇಶಿ ಎಂಬ ಪದ ನನ್ನದೇ. ‘ಅವಳಿಗೆ ನಿಮ್ಮ ಹೆಸರಿನ ಬಗ್ಗೆ ನಾಚಿಕೆ ಇರಲಿಲ್ಲ ಭಾವ. ಅವಳಿಗೆ ತಾಯಿಯನ್ನು ನೋಡಬೇಕಿತ್ತು. ನಿಮ್ಮ ಹತ್ತಿರ ಹೇಳಿದರೆ ನೀವು ನನ್ನನ್ನು ದ್ವೇಷಿಸುತ್ತೀರಿ ಎಂದು ಮುಚ್ಚಿಟ್ಟಿರಬೇಕು’ ಎಂದೆ.

ಭಾವ ಒಂದೇ ಪ್ರಶ್ನೆ ಕೇಳಿದರು.

‘ನೋಡಿದಳೇ? ತಾಯಿಯನ್ನು?’

‘ಇಲ್ಲ.’

ಪ್ರತಿ ಬಂದಿತ್ತು, ನನ್ನದೇ ಅಂಚೆ ಕಚೇರಿಗೆ. ಜೊತೆಗೆ ಒಂದು ಚೀಟಿ, ಅಣ್ಣಯ್ಯ, ಹೇಳಿದಂತೆ ಮಾಡಿದ್ದೇನೆ, ಯಾವಾಗ ಬರಲಿ ಎಂದು. ಇಷ್ಟು ಬೇಗ ಬಗ್ಗಿದಳಲ್ಲ, ಸ್ವಲ್ಪ ಕಾಯಲಿ ಎಂದುಕೊಂಡು ಡ್ರಾಯರಿನಲ್ಲಿ ಹಾಕಿದೆ. ದೀಪಾವಳಿಗೆ ಬರೆಯೋಣ ಎಂದಿದ್ದೆ. ಅಮ್ಮ ಶ್ರಾವಣದಲ್ಲಿ ಹೋದರು. ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲೆ ಒಂದು ಕಾರ್ಡು ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ. ಇದನ್ನೂ ಹೇಳಿದೆ.

ಆಗ ಮಾಲಿನಿ ಕನ್ನಡದಲ್ಲಿ ಮಾತಾಡಿದಳು. ನಾನಿದ್ದ ಅಷ್ಟು ದಿನದಲ್ಲಿ ಅವಳು ನಮ್ಮ ಮಾತನ್ನು ಪೂರ್ತಿಯಾಗಿ ಆಡಿದ್ದು ಅದೊಂದೇ ಸಲ. ರಾಗ ಸುಮತಿಯದು.

‘ನನ್ ಹೆಸ್ರ್ ಅಮ್ಮನ್ ಟಿಕೇಟ್ ಆಯಿತ್ತಾ ಮಾವ? ಟಿಕೇಟ್ ತಕಂಡೂ ಬಸ್ಸ್ ಹತ್ಸ್ಲಿಲ್ಯಾ?’

ನಾನು ಅತ್ತೆ. ಯಾರೂ ಸಮಾಧಾನ ಮಾಡಲಿಲ್ಲ. ಮಾಡಬೇಕಾದ್ದೂ ಇರಲಿಲ್ಲ.

ಭಾವ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿ, ಪ್ಲಾಸ್ಟಿಕ್ ಹಾಳೆಗೆ ಹಾಕದೆ ಹಾಗೆಯೇ ಮೇಜಿನ ಮೇಲಿಟ್ಟರು. ‘ಮೂವತ್ತಾರು ವರ್ಷ ಅವಳ ಮೇಲೆ ನನಗೊಂದು ಸಣ್ಣ ಸಿಟ್ಟಿತ್ತು’ ಎಂದರು. ‘ಬಹಳ ಸಣ್ಣದು. ಆದರೆ ದಿನವೂ ಇತ್ತು. ಅವಳಿಗೆ ಕಾಯಿಲೆಯಾಗಿ ಮಲಗಿದ್ದಾಗಲೂ ಇತ್ತು. ಅದು ಯಾರಿಗೆ ಸೇರಬೇಕಿತ್ತೋ ಆ ಮನುಷ್ಯನಿಗೆ ಎಂಟು ದಿನದಿಂದ ಚಹಾ ಮಾಡಿ ಕೊಡುತ್ತಿದ್ದೇನೆ.’ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾಲಿನಿಯೂ ಕೋಟು ಹಾಕಿಕೊಂಡು, ಬೆಳಿಗ್ಗೆ ಏಳೂವರೆಗೆ ಬರುತ್ತೇನೆ ಎಂದಷ್ಟೇ ಹೇಳಿ ಹೊರಟಳು.

ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮೇಜಿನ ಮೇಲೆ ಎಂದಿನ ಉದ್ದ ಲೋಟದಲ್ಲಿ ಚಹಾ, ಮೇಲೊಂದು ತಟ್ಟೆ ಮುಚ್ಚಿತ್ತು. ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ಭಾವ ಇರಲಿಲ್ಲ. ಕೊಡೆಯೂ ಕೋಟೂ ಇರಲಿಲ್ಲ. ಕುಡಿದು, ಲೋಟ ತೊಳೆದಿಟ್ಟು, ಕಾದು ಕೂತೆ. ಏಳೂವರೆಗೆ ಮಾಲಿನಿಯೊಬ್ಬಳೇ ಬಂದಳು.

‘ಅಪ್ಪ ಎಲ್ಲಿ? ಹೇಳಿ ಹೊರಡ್ಕಲೆ’ ಎಂದೆ.

‘ಹಿ ಫೋನ್ಡ್ ಮಿ. ಅಮ್ಮನ ಹತ್ರ ಹೋಗಿದ್ದಾರೆ. ಸಾರಿ ಕೇಳ್ಬೇಕಂತೆ’ ಎಂದಳು.

‘ಅವ್ರ್ ಎಂತಕ್ಕೆ ಕೇಣ್ಕ್?’

‘ಫಾರ್ ನಾಟ್ ಆಸ್ಕಿಂಗ್ ಹರ್’ ಎಂದು ಹೇಳಿ ಅವಳು ಪೆಟ್ಟಿಗೆ ಎತ್ತಿಕೊಂಡಳು.

ಮಳೆ ಹಿಡಿದುಕೊಂಡಿತ್ತು. ಸೋಮವಾರದ ದಟ್ಟಣೆಯಲ್ಲಿ ಕಾರು ಮಾರು ಮಾರಿಗೂ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷದ ನಂತರ ಎಡಗಡೆಗೆ ಉದ್ದನೆಯ ಕಬ್ಬಿಣದ ಬೇಲಿ ಕಾಣಿಸಿತು. ಬೇಲಿಯಾಚೆ ಹುಲ್ಲು, ಎಲೆಯುದುರಿದ ಮರಗಳು, ಸಾಲಾಗಿ ಕತ್ತರಿಸಿ ಬಿಟ್ಟ ಗುಲಾಬಿ ಗಿಡಗಳು. ಮಾಲಿನಿ ಅತ್ತ ನೋಡಿದ್ದರಿಂದ ನಾನೂ ನೋಡಿದೆ. ಒಂದು ಬೆಂಚಿನ ತುದಿಯಲ್ಲಿ ಭಾವ ಕೂತಿದ್ದರು. ಕೊಡೆಯನ್ನು ತಮ್ಮ ತಲೆಯ ಮೇಲೆ ಹಿಡಿಯದೆ ಮುಂದಕ್ಕೆ, ಒಂದು ಗಿಡದ ಮೇಲೆ ಹಿಡಿದಿದ್ದರು. ಮುಂದಕ್ಕೆ ಬಾಗಿ ಮಾತಾಡುತ್ತಿದ್ದರು. ಕೇಳಿಸುವಷ್ಟು ಹತ್ತಿರವಿರಲಿಲ್ಲ. ತುಟಿ ಅಲುಗುವುದು ಕಾಣುತ್ತಿತ್ತು.

‘ಕಾರ್ ನಿಲ್ಸ್ ಮಗಾ. ನಾನೂ ಒಂದ್ಗಳ್ಗಿ ಹೋಯ್ ಬತ್ತೆ’ ಎಂದೆ.

ಅವಳು ನಿಲ್ಲಿಸಲಿಲ್ಲ. ‘ನಾಟ್ ಟುಡೇ, ಮಾವ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ‘ಅವರಿಬ್ಬರೇ ಇರ್ಲಿ.’

ಮುಂದಿನ ಗಾಡಿ ಸರಿಯಿತು, ನಮ್ಮದೂ ಸರಿಯಿತು. ನಾನು ತಿರುಗಿ, ಹಿಂದಿನ ಗಾಜಿನಲ್ಲಿ ನೋಡಿದೆ. ಯಾವ ತಪ್ಪನ್ನೂ ಮಾಡದ ಮನುಷ್ಯ ಮಳೆಯಲ್ಲಿ ಕೂತು ನನ್ನ ತಂಗಿಯ ಕ್ಷಮೆ ಕೇಳುತ್ತಿದ್ದ. ನಾನು ಮಳೆ ತಾಗದ ಕಾರಿನೊಳಗೆ ಪಾಸ್‌ಪೋರ್ಟ್ ಹಿಡಿದು ಕೂತಿದ್ದೆ.